ಮಕ್ಕಳೊಡನೆ ಸಮುದ್ರವಿಹಾರ

ಸಮುದ್ರಯಾನವೆಂಬುದು ನಮ್ಮ ಕರಾವಳಿಯ ಜನರಿಗೆ ಹೊಸದಲ್ಲ. ರಸ್ತೆಗಳೂ ಸೇತುವೆಗಳೂ ಅನುಕೂಲವಾಗಿಲ್ಲದ ಕಾಲದಲ್ಲಿ ಮಂಗಳೂರಿನಿಂದ ಮುಂಬಯಿಗೆ ಹೋಗತಕ್ಕವರು ಉಗಿಹಡಗನ್ನೇ ಆಶ್ರಯಿಸುತ್ತಿದ್ದರು. ಅವರು ಹಡಗನ್ನೇರಿದ್ದು ಉದ್ಯೋಗಕ್ಕಾಗಿ, ವ್ಯಾಪಾರಕ್ಕಾಗಿ ಇಲ್ಲವೆ ವಿದ್ಯೆಗಾಗಿ. ಕೇವಲ ವಿಹಾರಕ್ಕಾಗಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತುವ ಪದ್ಧತಿಯು ನಮ್ಮ ಕುಟುಂಬಗಳಲ್ಲಿ ಇತ್ತೀಚಿನದು. 2021ನೆಯ ಇಸವಿಯಲ್ಲಿ ಕಾರ್ಡೀಲಿಯಾ ಎಂಬ ಸಂಸ್ಥೆಯು ಮುಂಬಯಿಯಿಂದ ಗೋವೆ, ಲಕ್ಷದ್ವೀಪ ಮುಂತಾದ ಕಡೆಗಳಿಗೆ ವಿಹಾರನೌಕೆಯನ್ನು ನಡಿಸಲಾರಂಭಿಸಿತು. ಸಿಂಗಪುರದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹಡಗು ಹತ್ತುವವರೂ ಹೆಚ್ಚುತ್ತಿದ್ದಾರೆ. ಈ ಕಾರಣದಿಂದ "ಕ್ರೂಸ್" ಎಂಬ ಮಾತು ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಬಳಕೆಗೆ ಬಂದಿದೆ.

ಇದನ್ನು ಹಣದ ದುರ್ವ್ಯಯವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಶಕ್ತಿಯುಳ್ಳವರು ಮಕ್ಕಳಿಗೆ ಲೋಕವನ್ನು ತೋರಿಸುವುದು ಒಳ್ಳೆಯದೇ. ಆದರೆ ಇಂಥ ಯಾತ್ರೆಯ ಸಿದ್ಧತೆಯು ಸಾಮಾನ್ಯವಾಗಿ ಯಾವ ಕ್ರಮದಲ್ಲಿ ನಡೆಯುತ್ತದೆಂಬುದನ್ನು ನೋಡಿದರೆ ಒಂದು ಮಾತು ಹೇಳಬೇಕೆನಿಸುತ್ತದೆ. ಮೊದಲು ಹಡಗನ್ನು ಗೊತ್ತುಮಾಡುತ್ತಾರೆ, ಆಮೇಲೆ ದರವನ್ನು, ಆಮೇಲೆ ದಿನವನ್ನು; ಮಕ್ಕಳನ್ನು ಕಟ್ಟಕಡೆಗೆ, ಪೆಟ್ಟಿಗೆ ಕಟ್ಟುವಾಗ ನೆನಸುತ್ತಾರೆ. ಈ ಕ್ರಮವು ತಲೆಕೆಳಗಾಗಬೇಕೆಂಬುದೇ ನಮ್ಮ ಅಭಿಪ್ರಾಯ. ಯೋಜನೆಯು ಮನೆಯ ಅತಿ ಚಿಕ್ಕ ಮಗುವಿನ ದೇಹಸ್ಥಿತಿಯಿಂದ ಆರಂಭವಾಗಬೇಕು. ತಿಳುವಳಿಕೆ ಬಂದ ಮಕ್ಕಳು ಅದರಲ್ಲಿ ಪಾಲುಗಾರರಾಗಬೇಕು.

ಮೊದಲನೆಯದಾಗಿ ವಯಸ್ಸು. ಆರು ತಿಂಗಳು ತುಂಬದ ಶಿಶುವನ್ನು ಹೆಚ್ಚಿನ ಸಂಸ್ಥೆಗಳು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರವನ್ನು ದಾಟುವ ದೀರ್ಘಯಾನಗಳಿಗೆ ಒಂದು ವರ್ಷವಾದರೂ ಆಗಿರಬೇಕೆಂದು ವಿಧಿಸುತ್ತವೆ. ಇಪ್ಪತ್ತನಾಲ್ಕನೆಯ ವಾರಕ್ಕೆ ಬಂದ ಗರ್ಭಿಣಿಯರನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಈ ನಿಯಮಗಳು ಕಾಠಿಣ್ಯದಿಂದ ಹುಟ್ಟಿದವುಗಳಲ್ಲ. ದಡದಿಂದ ದೂರವಿರುವ ಹಡಗಿನ ಸಣ್ಣ ಚಿಕಿತ್ಸಾಲಯದಲ್ಲಿ ಎಲ್ಲವೂ ದೊರೆಯಲಾರದೆಂಬ ವಿವೇಕದಿಂದ ಹುಟ್ಟಿದವು. ಮಕ್ಕಳ ಆಟದ ಕೋಣೆಗಳಲ್ಲಿಯೂ ಮೂರು ವರ್ಷ ತುಂಬಿ, ಬಹಿರ್ದೆಸೆಯ ಅಭ್ಯಾಸವಾದ ಮಕ್ಕಳನ್ನೇ ಬಹುಮಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಹಣ ಕಟ್ಟುವುದಕ್ಕೆ ಮುಂಚೆಯೇ ಇವನ್ನೆಲ್ಲ ವಿಚಾರಿಸತಕ್ಕದ್ದು.

ಎರಡನೆಯದು ಕಾಲ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರವು ಎಷ್ಟು ಉಗ್ರವಾಗಿರುತ್ತದೆಂಬುದನ್ನು ಕರಾವಳಿಯವರಿಗೆ ನಾವು ಹೇಳಬೇಕಾಗಿಲ್ಲ. ಮಳೆಗಾಲದ ಹಿಂದುಮುಂದಿನ ವಾರಗಳನ್ನೂ ನಂಬುವಂತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ಲಕ್ಷದ್ವೀಪದ ಬಳಿಯಿಂದ ನಮ್ಮ ಕರಾವಳಿಯುದ್ದಕ್ಕೂ ಹಾದು ಗುಜರಾತಿನ ದಡವನ್ನು ಮುಟ್ಟಿತು. 2017ರ ಡಿಸೆಂಬರಿನ ಆರಂಭದಲ್ಲಿ ಓಖಿ ಎಂಬುದು ಲಕ್ಷದ್ವೀಪವನ್ನು ಹಾಳುಗೆಡವಿತು. ಆದಕಾರಣ ಕ್ರಿಸ್ಮಸ್ ರಜೆಯು ಬೇಸಗೆಯ ರಜೆಯ ಕೊನೆಯ ವಾರಗಳಿಗಿಂತ ಮೇಲು. ಆಗಲೂ ಹವಾಮಾನದ ವರದಿಯನ್ನು ನೋಡಿಕೊಂಡೇ ಹೊರಡತಕ್ಕದ್ದು. ದರ ಕಡಮೆಯೆಂದು ಪಾಠದ ದಿನಗಳಲ್ಲಿ ಮಕ್ಕಳನ್ನು ಬಿಡಿಸಿಕೊಂಡು ಹೋಗುವುದನ್ನು ನಾವು ಒಪ್ಪಲಾರೆವು. ಉಳಿದ ರೂಪಾಯಿಗಳನ್ನು ತಂದೆ ಎಣಿಸಬಹುದು. ತಪ್ಪಿಹೋದ ಪಾಠಗಳನ್ನು ಎಣಿಸಬೇಕಾದವಳು ಮಗಳು.

ಮೂರನೆಯದು ಸ್ಥಳ ಮತ್ತು ಆರೋಗ್ಯ. ಸಮುದ್ರದ ಓಕರಿಕೆಯು ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಹೆಚ್ಚಾಗಿ ಪೀಡಿಸುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿರುವ ಕೋಣೆಗೆ ಓಲಾಟ ಕಡಮೆ. ಎತ್ತರದಲ್ಲಿರುವ ಬಾಲ್ಕನಿಯ ಕೋಣೆಗೆ ಹೆಚ್ಚು ಹಣ ತೆತ್ತು ಮಗುವನ್ನು ಮೂರು ದಿನ ಮಲಗಿಸುವುದಕ್ಕಿಂತ ಈ ಅಗ್ಗದ ಕೋಣೆಯೇ ಲೇಸು. ಹೊಟ್ಟೆಗೆ ಹಗುರವಾದ ಆಹಾರವನ್ನು ಕೊಟ್ಟು, ಮಗುವನ್ನು ಹೊರಗೆ ಗಾಳಿಯಲ್ಲಿ ಕೂರಿಸಿ, ದೂರದ ಬಾನಂಚನ್ನು ನೋಡುವಂತೆ ಹೇಳಿರಿ. ಔಷಧವೇನಿದ್ದರೂ ವೈದ್ಯರನ್ನು ಕೇಳಿಯೇ ಕೊಂಡುಹೋಗತಕ್ಕದ್ದು. ಇನ್ನು ಸಾವಿರಾರು ಜನರು ಒಂದೇ ಕಡೆ ಉಣ್ಣುವ ಹಡಗಿನಲ್ಲಿ ನೋರೋವೈರಸ್ ಎಂಬ ವಾಂತಿಭೇದಿಯ ಸೋಂಕು ಬೇಗನೆ ಹಬ್ಬಬಲ್ಲದು. ಅದಕ್ಕೆ ಬಾಗಿಲಲ್ಲಿಟ್ಟ ಸ್ಯಾನಿಟೈಸರಿನ ಹನಿ ಸಾಲದು. ಸಾಬೂನು ನೀರುಗಳಿಂದ ಕೈಯನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು.

ಹಡಗಿನ ಈಜುಕೊಳದ ವಿಷಯದಲ್ಲಿ ತಾಯಂದಿರಿಗೆ ವಿಶೇಷವಾಗಿ ಹೇಳುತ್ತೇವೆ. ಅನೇಕ ಹಡಗುಗಳ ಕೊಳಗಳ ಬಳಿ ಜೀವರಕ್ಷಕರು ಇರುವುದಿಲ್ಲ. ಸುತ್ತಲೂ ನೂರು ಜನರಿದ್ದರೂ ಮಗುವಿನ ಕಾವಲು ನಿಮ್ಮದೇ. ಮೊಬೈಲನ್ನು ಕೋಣೆಯಲ್ಲಿಟ್ಟು ಬನ್ನಿರಿ.

ಎಲ್ಲಕ್ಕಿಂತಲೂ ಮುಖ್ಯವಾದುದು ಕವಾಯತು. ಅಪಾಯದ ಗಂಟೆಯಾದಾಗ ಎಲ್ಲಿ ಕೂಡಬೇಕು, ಲೈಫ್ ಜಾಕೆಟ್ಟನ್ನು ಹೇಗೆ ತೊಡಬೇಕು ಎಂಬುದನ್ನು ಹಡಗಿನವರು ಮೊದಲ ದಿನವೇ ಕಲಿಸುತ್ತಾರೆ. 2012ರ ಜನವರಿ 13ರಂದು ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ತಾ ಕೊಂಕೋರ್ದಿಯಾ ಎಂಬ ಹಡಗು ಬಂಡೆಗೆ ತಗಲಿ ವಾಲಿಬಿದ್ದು 32 ಮಂದಿ ಸತ್ತರು. ಆ ಸಂಜೆ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿದ ನೂರಾರು ಜನರಿಗೆ ಕವಾಯತು ಇನ್ನೂ ನಡೆದಿರಲಿಲ್ಲ. ಇಪ್ಪತ್ತನಾಲ್ಕು ತಾಸುಗಳೊಳಗೆ ನಡಿಸಿದರೆ ಸಾಕೆಂದು ಆಗಿನ ನಿಯಮವಿತ್ತು. ತರುವಾಯ ಅಂತಾರಾಷ್ಟ್ರೀಯ ನಿಯಮವನ್ನು ತಿದ್ದಿ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಕವಾಯತು ಆಗತಕ್ಕದ್ದೆಂದು 2015ರ ಜನವರಿ 1ರಿಂದ ಜಾರಿಗೆ ತಂದರು. ಇಷ್ಟು ಬೆಲೆ ತೆತ್ತು ಬಂದ ನಿಯಮವನ್ನು ತಂದೆಯೇ ಬೇಸರದಿಂದ, ಚಹದ ಲೋಟ ಹಿಡಿದುಕೊಂಡು, ಬಾಯಿ ಆಕಳಿಸುತ್ತ ಕೇಳಿದರೆ ಮಕ್ಕಳು ಏನನ್ನು ಕಲಿತಾರು? ಮಗಳಿಗೆ ಕೂಡುವ ಸ್ಥಳದ ಗುರುತನ್ನು ಬಾಯಿಪಾಠ ಮಾಡಿಸಿರಿ. ಕೋಣೆಯಿಂದ ಅಲ್ಲಿಗೆ ಅವಳೇ ಒಮ್ಮೆ ದಾರಿ ತೋರಿಸಲಿ.

ಇದೇ ರೀತಿಯಾಗಿ ಮಿಕ್ಕ ಸಿದ್ಧತೆಯಲ್ಲಿಯೂ ಮಕ್ಕಳಿಗೆ ಕೆಲಸವನ್ನು ಹಂಚಬಹುದು. ಏಳನೆಯ ತರಗತಿಯ ಹುಡುಗಿಯು ಭೂಪಟವನ್ನು ಬಿಡಿಸಿ ಬಂದರುಗಳನ್ನು ಗುರುತಿಸಲಿ. ಹತ್ತನೆಯ ತರಗತಿಯವಳು ಖರ್ಚಿನ ಪಟ್ಟಿಯನ್ನು ಬರೆಯಲಿ: ಟಿಕೆಟ್ಟಿನ ಹಣವೇ ಪೂರ್ತಿ ಖರ್ಚಲ್ಲ, ಹಡಗಿನ ಸಿಬ್ಬಂದಿಯ ಇನಾಮು, ದಡದ ತಿರುಗಾಟ, ಅಂತರಜಾಲ ಮುಂತಾದವಕ್ಕೆ ಅನೇಕ ವೇಳೆ ಬೇರೆ ತೆರಬೇಕಾಗುತ್ತದೆಂಬುದನ್ನು ಅವಳೇ ಕಂಡುಹಿಡಿಯಲಿ. ಲಕ್ಷದ್ವೀಪಕ್ಕೆ ಹೋಗಲು ಪ್ರವೇಶದ ಅನುಮತಿ ಬೇಕು. ಪರದೇಶಕ್ಕಾದರೆ ಪ್ರತಿಯೊಂದು ಮಗುವಿಗೂ ಬೇರೆ ಪಾಸ್‌ಪೋರ್ಟು ಬೇಕು. ಈ ಕಾಗದಗಳನ್ನು ಒಂದು ಚೀಲದಲ್ಲಿ ಕ್ರಮವಾಗಿಡುವ ಹೊಣೆಯು ಮಗನದಾಗಲಿ. ಲಕ್ಷದ್ವೀಪದ ಬಳಿ ದೊಡ್ಡ ಹಡಗು ದೂರದಲ್ಲಿಯೇ ಲಂಗರು ಹಾಕುವುದು. ಚಿಕ್ಕ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಅಲೆಗಳು ಹೆಚ್ಚಾಗಿದ್ದರೆ ಇಳಿಯಲಾಗದೆಯೂ ಹೋಗಬಹುದು. ಇದನ್ನು ಮುಂದಾಗಿಯೇ ಮಕ್ಕಳಿಗೆ ತಿಳಿಸಿದ್ದರೆ ಆ ದಿನ ಅಳು ಇರದು.

"ಹಡಗಿನಲ್ಲಿ ಅಡಿಗೆಯಿಲ್ಲ, ಪಾತ್ರೆಯಿಲ್ಲ, ಹಾಸಿಗೆ ಮಡಿಸುವುದಿಲ್ಲ, ವರ್ಷಕ್ಕೊಮ್ಮೆ ಸಿಕ್ಕುವ ಈ ವಿಶ್ರಾಂತಿಗೂ ನೀವು ಪಾಠವನ್ನು ತಂದಿಟ್ಟಿರಾ?" ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳಬಹುದು. ಕೇಳುವುದು ನ್ಯಾಯವೇ. ತಾಯಿಯ ವಿಶ್ರಾಂತಿಯನ್ನು ನಾವು ಅಲ್ಪವೆಂದು ಎಣಿಸುವುದಿಲ್ಲ. ಆದರೆ ಅದು ತಾನಾಗಿ ದೊರೆಯುವುದಿಲ್ಲ. ಅದನ್ನೂ ಯೋಜನೆಯಲ್ಲಿ ಬರೆದಿಡಬೇಕು. ಇಂಥ ತಾಸುಗಳಲ್ಲಿ ಮಕ್ಕಳು ತಂದೆಯ ವಶ, ಇಂಥ ತಾಸುಗಳಲ್ಲಿ ತಾಯಿಯ ವಶ ಎಂದು ಮನೆಯಲ್ಲಿಯೇ ಗೊತ್ತುಮಾಡಿರಿ. ಹಾಗೆ ಮಾಡದಿದ್ದರೆ ಆ ಭಾರವು ಯಾರ ಮೇಲೆ ಬೀಳುವುದೆಂದು ನಾವು ಬಲ್ಲೆವು. ಅದು ಹಿರಿಯ ಮಗಳ ಮೇಲೆ ಬೀಳುವುದು. ತಮ್ಮನು ಹಡಗಿನ ಎಲ್ಲ ಅಂತಸ್ತುಗಳನ್ನೂ ಸುತ್ತಿ ಬರುವನು. ಅಕ್ಕನು ಕೋಣೆಯಲ್ಲಿ ಮಲಗಿದ ಕೂಸಿಗೆ ಕಾವಲು ಕೂರುವಳು. ರಜೆಯಿಂದ ಹಿಂದಿರುಗಿದ ಹುಡುಗಿಯರ ಪ್ರಬಂಧಗಳನ್ನು ಓದುವ ನಮಗೆ ಇದು ಊಹೆಯ ಮಾತಲ್ಲ. ಎಲ್ಲಿಗೆ ಹೋದರೆಂಬುದನ್ನು ಬರೆದು, ಅಲ್ಲಿ ಏನನ್ನು ಕಂಡೆನೆಂದು ಬರೆಯಲಾರದೆ ನಿಲ್ಲುವ ಬಾಲಿಕೆಯರುಂಟು.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಮೊದಲ ಸಲ ಎರಡು ಮೂರು ರಾತ್ರಿಗಳ ಚಿಕ್ಕ ಯಾತ್ರೆಯನ್ನು ಆರಿಸಿರಿ. ಹಣವನ್ನು ಕಟ್ಟುವ ಮುಂಚೆ ಒಂದು ಸಂಜೆ ಮನೆಯವರೆಲ್ಲರೂ ಮೇಜಿನ ಸುತ್ತ ಕುಳಿತು ಮಾತಾಡಿರಿ. ಗಂಡುಮಗನನ್ನು ಕೇಳುವ ಪ್ರಶ್ನೆಯನ್ನೇ ಹೆಣ್ಣುಮಗಳನ್ನೂ ಕೇಳಿರಿ: ನೀನು ಏನನ್ನು ನೋಡಬೇಕೆಂದಿರುವೆ? ಅವಳ ಉತ್ತರವನ್ನು ಪಟ್ಟಿಯಲ್ಲಿ ಬರೆದುಕೊಳ್ಳಿರಿ, ಮತ್ತು ಅದಕ್ಕೆ ಬೇಕಾದ ತಾಸುಗಳನ್ನು ಅವಳಿಗೆ ಬಿಟ್ಟುಕೊಡಿರಿ.