ಒಪ್ಪಿಗೆ ಯಾರದು?

ಡೆಂಕಣಿಕೋಟೆಯಲ್ಲಿರುವ ನನ್ನ ಸೋದರಮಾವನವರು ಹೊಸೂರಿನ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದನ್ನು ನಡೆಸುತ್ತಾರೆ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಖರೀದಿಯ ವ್ಯವಹಾರವೆಲ್ಲ ಗಣಕಯಂತ್ರಕ್ಕೆ ಏರಿತು. ಗುಮಾಸ್ತರು ಬೇಡಿಕೆಯನ್ನು ಬರೆದರೆ ಅದು ತಾನಾಗಿಯೇ ಮೇಲ್ವಿಚಾರಕರ ಮುಂದೆ ಹೋಗಿ ನಿಲ್ಲುವುದು. ಅವರು ಒಪ್ಪಿದೊಡನೆ ಲೆಕ್ಕ ಬರೆಯುವವರ ಬಳಿಗೆ, ಅಲ್ಲಿಂದ ವ್ಯಾಪಾರಿಗೆ. ಕಡತ ಹೊತ್ತು ತಿರುಗುವ ಜವಾನನ ಕೆಲಸವನ್ನು ತಂತ್ರಾಂಶವೇ ಮಾಡುತ್ತಿತ್ತು. ಮೇಲ್ವಿಚಾರಕರು ಆಗಾಗ ಹೊಸೂರಿಗೆ ಹೋಗುತ್ತಿದ್ದುದರಿಂದ, ಕೆಲಸ ನಿಲ್ಲಬಾರದೆಂದು ಅವರ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದರು. ಆರು ಮಂದಿಗೆ ಅದು ಬಾಯಿಪಾಠ.

ಆ ಮೇಲ್ವಿಚಾರಕರು ಕೆಲಸ ಬಿಟ್ಟುಹೋದ ಮೂರು ತಿಂಗಳ ಮೇಲೆ ಅವರದೇ ಹೆಸರಿನಲ್ಲಿ ಖರೀದಿಯೊಂದು ಮಂಜೂರಾಯಿತು. ಹಣ ಹೋಯಿತು, ಸರಕು ಬರಲಿಲ್ಲ. ಮಾಡಿದವರು ಯಾರೆಂದು ತಿಳಿಯುವ ದಾರಿಯೇ ಇರಲಿಲ್ಲ. ಸಂಶಯ ಮಾತ್ರ ಲೆಕ್ಕ ಬರೆಯುತ್ತಿದ್ದ ಹೆಣ್ಣುಮಗಳ ಮೇಲೆ ಬಿದ್ದಿತು.

ನಮ್ಮ ಹಿರಿಯರಿಗೆ ಇಂತಹ ಸಂಗತಿ ಹೊಸದಲ್ಲ. ಊರಿನ ಲೆಕ್ಕವು ಶಾನುಭೋಗರ ಮನೆಯಲ್ಲಿ, ಅವರ ಕೈಬರಹದಲ್ಲಿ, ಅವರ ಪೆಟ್ಟಿಗೆಯಲ್ಲಿ ಇರುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಬರೆಯುವವರೂ ಅವರೇ, ಕಾಯುವವರೂ ಅವರೇ. ಅವರಲ್ಲಿ ಸತ್ಯವಂತರು ಅನೇಕರಿದ್ದರು. ಆದರೆ ಅಪವಾದ ಬಂದಾಗ ಆ ಸತ್ಯಕ್ಕೆ ಸಾಕ್ಷಿಯಿರಲಿಲ್ಲ. ವಂಶಪಾರಂಪರ್ಯದ ಈ ಹುದ್ದೆಗಳು ಅಂದಿನ ಮೈಸೂರು ರಾಜ್ಯದಲ್ಲಿ 1963ರಲ್ಲಿಯೂ ನಮ್ಮ ತಮಿಳುನಾಡಿನಲ್ಲಿ 1980ರಲ್ಲಿಯೂ ಕೊನೆಗೊಂಡವು.

ಮುಂದೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿದಾಗ, ಅದನ್ನು ರೂಪಿಸಿದವರು ಈ ಸಾಕ್ಷಿಯ ಕೊರತೆಯನ್ನೇ ಮೊದಲು ತುಂಬಿದರು. ಒಳಹೋಗಬೇಕಾದ ಅಧಿಕಾರಿಯು ತನ್ನ ಬೆರಳನ್ನೇ ಒತ್ತಬೇಕು. ಯಾರು, ಯಾವಾಗ, ಏನು ಮಾಡಿದರೆಂಬುದು ದಾಖಲಾಗುವುದು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಸಾಗಬೇಕು. ನಡುವಿನದನ್ನು ಎತ್ತಿ ಮುಂದಿಡುವ ಹಾಗಿಲ್ಲ. ಇದರಿಂದ ಲಂಚವು ನಿರ್ಮೂಲವಾಯಿತೆಂದು ನಾನು ಹೇಳಲಾರೆ. ಆದರೆ ಬೆರಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಲಾಗದಷ್ಟೆ. ನಮ್ಮ ತಾಲ್ಲೂಕಿನ ಪಟ್ಟಾ, ಚಿಟ್ಟಾಗಳನ್ನೂ ಈಗ ಮನೆಯಲ್ಲಿ ಕುಳಿತೇ ನೋಡಬಹುದು, ಒಂದಕ್ಷರವನ್ನೂ ತಿದ್ದಲಾಗದು. ನೋಡುವ ಹಕ್ಕು ಬೇರೆ, ಬರೆಯುವ ಹಕ್ಕು ಬೇರೆ, ಒಪ್ಪಿಗೆ ಕೊಡುವ ಹಕ್ಕು ಬೇರೆ.

ಸಣ್ಣ ಉದ್ಯಮಕ್ಕೂ ಬೇಕಾದುದು ಇದೇ. ಹಕ್ಕನ್ನು ಹುದ್ದೆಗೆ ಕಟ್ಟಬೇಕು, ಆ ಕೆಲಸಕ್ಕೆ ಬೇಕಾದಷ್ಟನ್ನೇ ಕೊಡಬೇಕು. ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ಇದನ್ನು 1975ರಷ್ಟು ಹಿಂದೆಯೇ ಬರೆದಿದ್ದರು. ಬೇಡಿಕೆ ಬರೆದವರೇ ಅದಕ್ಕೆ ಒಪ್ಪಿಗೆ ಕೊಡಬಾರದು. ಮೇಲ್ವಿಚಾರಕರು ಊರಲ್ಲಿಲ್ಲವೇ? ಅವರ ಹಕ್ಕನ್ನು ಇಂಥವರಿಗೆ, ಇಂಥ ದಿನದವರೆಗೆಂದು ತಂತ್ರಾಂಶದಲ್ಲಿಯೇ ವಹಿಸಿಕೊಡಬಹುದು; ಒಪ್ಪಿಗೆಯು ಆಗ ಕೊಟ್ಟವರ ಹೆಸರಿನಲ್ಲಿಯೇ ಬೀಳುವುದು. ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ಮುಚ್ಚಬೇಕು.

ಈ ಕಡೆಯ ಮಾತಿನಲ್ಲಿಯೇ ಮಾವನವರು ಎಡವಿದ್ದು. ಆ ಹೆಸರನ್ನು ತೆಗೆದರೆ ಎಲ್ಲವೂ ನಿಂತುಹೋದೀತೆಂದು ಅವರು ಹೆದರಿದ್ದರು. ಭಯವು ನಿರಾಧಾರವಲ್ಲ. ತಾನಾಗಿ ನಡೆಯುವ ಕೆಲಸಗಳು ಎಷ್ಟೋ ವೇಳೆ ಅವನ್ನು ಜೋಡಿಸಿದವರ ಹೆಸರಿಗೇ ಅಂಟಿಕೊಂಡಿರುತ್ತವೆ. ಆ ಹೆಸರು ಅಳಿದರೆ ಇವೂ ಕೆಡುತ್ತವೆ. ಆದ್ದರಿಂದ ಅಂಥ ಪ್ರತಿಯೊಂದು ಕೆಲಸಕ್ಕೂ ಮೊದಲಿನಿಂದಲೇ ಇಬ್ಬರು ಒಡೆಯರಿರಬೇಕು.

“ನಮ್ಮವರ ಮೇಲೆ ನಮಗೇ ಅಪನಂಬಿಕೆಯೇನಪ್ಪಾ?” ಎಂದು ಮಾವನವರು ನನ್ನನ್ನು ಕೇಳಿದರು. “ನಂಬಿದ್ದರೆ ಆ ಹುಡುಗಿಯನ್ನು ಯಾರೂ ಅನುಮಾನಿಸದ ಹಾಗೆ ನೋಡಿಕೊಳ್ಳಬೇಕಿತ್ತಲ್ಲ ಮಾವಾ,” ಎಂದೆ. ಅವರು ಮಾತಾಡಲಿಲ್ಲ. ಈಗ ಅಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಪಾಸ್‌ವರ್ಡ್ ಇದೆ. ಆಕೆಯನ್ನು ಮರಳಿ ಕರೆಯಲು ಮಾವನವರು ತಾವೇ ಅವರ ಮನೆಗೆ ಹೋಗಿದ್ದರು. ಆಕೆ ಕಾಫಿ ಕೊಟ್ಟು ಉಪಚರಿಸಿದರು. ಕೆಲಸಕ್ಕೆ ಬರಲು ಒಪ್ಪಲಿಲ್ಲ.