ಹಾಡಿ ಒಡೆಯುವ ಸೇವೆ ನಮಗೆ ಬೇಡ

ಅಧಿಕಾರಿಗಳೇ, ಸಮಾಜಕಾರ್ಯಕರ್ತರೇ, ನಾಗರಹೊಳೆಯ ಕಾಡಿನ ಹಾಡಿಗಳಿಂದ ಜೇನುಕುರುಬ ಆದಿವಾಸಿಗಳನ್ನು ಎಬ್ಬಿಸಿ ಪುನರ್ವಸತಿ ಕೇಂದ್ರಗಳಲ್ಲಿ ಕೂರಿಸಿದಿರಿ. ಮನೆ ಕೊಟ್ಟೆವು, ಜಮೀನು ಕೊಟ್ಟೆವು, ಇನ್ನೇನು ಬೇಕು ಎಂದು ಗದರಿದಿರಿ. ಅವರ ಹಿರಿಯರ ಗೋರಿಗಳು ಎಲ್ಲಿ ಉಳಿದವು? ದೇವರುಗಳು ಎಲ್ಲಿ ಉಳಿದವು? ಗೆಡ್ಡೆ-ಗೆಣಸು, ಸೊಪ್ಪು, ಜೇನಿನ ಮರ ಎಲ್ಲಿ? ನಿಮ್ಮ ಸಮೀಕ್ಷೆಯ ನಮೂನೆಯಲ್ಲಿ ಇವಕ್ಕೆ ಒಂದು ಗೆರೆಯ ಜಾಗವೂ ಇರಲಿಲ್ಲ.

ಇದನ್ನು ಸಮಾಜಕಾರ್ಯ ಎಂದು ಕರೆಯಬೇಡಿ. ಕೈಯಲ್ಲಿ ಎಂ.ಎಸ್.ಡಬ್ಲ್ಯು. ಪದವಿ, ಬಾಯಲ್ಲಿ ಹಾಡಿಯ ಮಾತು ಒಂದೂ ಇಲ್ಲ. ಮನೆಯಲ್ಲಿ ಜೇನುನುಡಿ ಆಡುವ ಕೂಸನ್ನು ಆಶ್ರಮಶಾಲೆಗೆ ಸೇರಿಸಿ, ಅದು ಬೆದರಿ ಓಡಿಬಂದರೆ ತಾಯ್ತಂದೆಯರಿಗೆ ಜವಾಬ್ದಾರಿಯಿಲ್ಲ ಎಂದು ಷರಾ ಬರೆಯುತ್ತೀರಿ. ನೀವು ಕೊಟ್ಟ ಮನೆ ಬಿಟ್ಟು ಕಾಡಿನ ಕಡೆ ನಡೆದವರನ್ನು ಸೋಮಾರಿಗಳು ಎನ್ನುತ್ತೀರಿ. ತಪ್ಪು ಯೋಜನೆಯದು, ಅಪವಾದ ಮಾತ್ರ ಆ ಜನರ ತಲೆಗೆ!

2006ರ ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ? ಸ್ಥಳಾಂತರಕ್ಕೆ ಗ್ರಾಮಸಭೆ ಎಲ್ಲವನ್ನೂ ತಿಳಿದು, ಯಾರ ಒತ್ತಡವೂ ಇಲ್ಲದೆ ಲಿಖಿತವಾಗಿ ಒಪ್ಪಬೇಕು. ಹೊಸ ಜಾಗದಲ್ಲಿ ಭೂಮಿ, ಸೌಕರ್ಯ ಸಿದ್ಧವಾಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಅರ್ಥವಾಗದ ಕಾಗದದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಮೋಸ. ಅವರ ನುಡಿಯಲ್ಲಿ ವಿವರಿಸಲು ಬಾರದವರು ಒಪ್ಪಿಗೆ ಪಡೆಯುವುದಾದರೂ ಹೇಗೆ?

ಬೇರೆ ದಾರಿ ಇರಲಿಲ್ಲವೇ? ಬಿಳಿಗಿರಿರಂಗನ ಬೆಟ್ಟದತ್ತ ನೋಡಿ. ವೈದ್ಯ ಎಚ್. ಸುದರ್ಶನ್ ಬೆಟ್ಟದಲ್ಲೇ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು; ಆಸ್ಪತ್ರೆಯ ಔಷಧಿಯ ಜೊತೆಗೆ ಅಲ್ಲಿನ ಆದಿವಾಸಿಗಳಾದ ಸೋಲಿಗರ ನಾಟಿ ವೈದ್ಯಕ್ಕೂ ಮರ್ಯಾದೆ ಕೊಟ್ಟರು. ಸೋಲಿಗರು ತಮ್ಮ ದೇವರ ನೆಲೆಗಳನ್ನು ತಾವೇ ತೋರಿಸಿ ನಕ್ಷೆಗೆ ತಂದರು. ಹೋರಾಡಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ನಿಮ್ಮ ನಮೂನೆಯಲ್ಲಿಲ್ಲದ್ದು ಅವರ ನಕ್ಷೆಯಲ್ಲಿದೆ.

ಆದ್ದರಿಂದ ಕೇಳಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇವೆ. ಹಾಡಿಯಲ್ಲಿ ದುಡಿಯುವವರಿಗೆ ಹಾಡಿಯ ನುಡಿ ಬರಲೇಬೇಕು. ಓದಿದ ಜೇನುಕುರುಬ ಹುಡುಗ ಹುಡುಗಿಯರಿಗೇ ಆ ಹುದ್ದೆಗಳು ಮೊದಲು ಸಲ್ಲಬೇಕು. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಹಾಡಿಯ ಯಜಮಾನರೂ ಅಜ್ಜಿಯರೂ ಪಾಠ ಮಾಡಬೇಕು, ಅದಕ್ಕೆ ಸಂಬಳ ಪಡೆಯಬೇಕು. ಗ್ರಾಮಸಭೆ ಬೇಡ ಎಂದರೆ ಯೋಜನೆ ಅಲ್ಲಿಗೇ ನಿಲ್ಲಬೇಕು. ಇಷ್ಟು ಆಗದಿದ್ದರೆ ನಿಮ್ಮ ಜೀಪು ಹಾಡಿಯ ದಾರಿ ಹಿಡಿಯುವುದೇ ಬೇಡ.