ಮನೆವಾರ್ತೆ: ಕೈ ಪಳಗದೆ ಕಣ್ಣು ಪಳಗದು

ಮನೆಯಲ್ಲಿ ಲಗ್ನಕಾರ್ಯ ನಿಶ್ಚಯವಾಯಿತೆಂದರೆ ಸುಣ್ಣ-ಬಣ್ಣ ಬಳಿಸಿ, ಅಟ್ಟದ ಮೇಲಿನ ಹಳೆಯ ಸಾಮಾನುಗಳನ್ನು ಇಳಿಸಿ, ಪಡಸಾಲೆಯನ್ನು ಹಸನುಗೊಳಿಸುವುದು ನಮ್ಮ ಮನೆತನಗಳಿಗೆ ಹೊಸದಲ್ಲ. ಬರುವ ಬೀಗರ ಕಣ್ಣಿಗೆ ಮನೆ ಚೊಕ್ಕಟವಾಗಿ ಕಾಣಲೆಂಬುದೇ ಅದರ ಉದ್ದೇಶ. ಮಾರಾಟಕ್ಕಿಟ್ಟ ಮನೆಯನ್ನು ಕೊಳ್ಳಬರುವವರ ಕಣ್ಣಿಗಾಗಿ ಹೀಗೆಯೇ ಅಣಿಗೊಳಿಸುವುದು ಅಮೆರಿಕದಲ್ಲಿ ಒಂದು ಸ್ವತಂತ್ರ ವೃತ್ತಿಯಾಗಿದೆ. ಅದಕ್ಕೆ ‘ಹೋಮ್ ಸ್ಟೇಜಿಂಗ್’ ಎಂದು ಹೆಸರು. ಆ ದೇಶದಲ್ಲಿ ನೆಲೆಸಿದ ನಮ್ಮ ಸಹೋದರಿಯರಲ್ಲಿ ಯಾರಾದರೂ ಈ ವಿದ್ಯೆಯನ್ನು ಕಲಿಯಲು ಮನಸ್ಸು ಮಾಡಿದ್ದರೆ, ಹಣ ಕಟ್ಟುವ ಮುನ್ನ ಆಲೋಚಿಸಬೇಕಾದ ಕೆಲವು ಸಂಗತಿಗಳನ್ನು ಈ ಸಲ ಅರಿಕೆ ಮಾಡಿಕೊಳ್ಳುತ್ತೇನೆ.

ಈ ವೃತ್ತಿಗೆ 1972ರಲ್ಲಿ ನಾಂದಿ ಹಾಡಿದವರೆಂದು ವಾಷಿಂಗ್ಟನ್ ರಾಜ್ಯದ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆಯ ಹೆಸರನ್ನು ಹೇಳುತ್ತಾರೆ. ನಾಟಕಕ್ಕೆ ರಂಗವನ್ನು ಸಜ್ಜುಗೊಳಿಸುವಂತೆ ಮನೆಯನ್ನು ಸಜ್ಜುಗೊಳಿಸಬೇಕೆಂಬ ಭಾವದಿಂದ ಆ ಹೆಸರು ಬಂದಿತು. 2004ರಲ್ಲಿ ಅಲ್ಲಿನ ದೂರದರ್ಶನದಲ್ಲಿ ‘ಡಿಸೈನ್ಡ್ ಟು ಸೆಲ್’ ಎಂಬ ಕಾರ್ಯಕ್ರಮ ಪ್ರಾರಂಭವಾಯಿತು. 2,000 ಡಾಲರುಗಳ ಮಿತಿಯೊಳಗೆ ಒಂದು ಮನೆಯ ರೂಪವನ್ನೇ ಬದಲಿಸುವುದು ಅದರ ಸ್ವಾರಸ್ಯ. ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದವರಿಗೆ ಕೆಲಸವೂ ಅಷ್ಟೇ ಸುಲಭವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಈ ವೃತ್ತಿಗೆಂದೇ ಪ್ರತ್ಯೇಕ ಸರಕಾರಿ ಪರವಾನಗಿ ಅಲ್ಲಿಲ್ಲ. ಪ್ರಮಾಣಪತ್ರ ನೀಡುವವು ಖಾಸಗಿ ತರಬೇತಿ ಸಂಸ್ಥೆಗಳು. ಆದುದರಿಂದ ಕಾಗದಕ್ಕಿಂತ ಕೈಯ ಅನುಭವಕ್ಕೇ ಬೆಲೆ ಹೆಚ್ಚು.

ಪುಸ್ತಕದಲ್ಲಿ ಅಳತೆಗಳೇನೋ ಸಿಗುತ್ತವೆ. ಓಡಾಡುವ ದಾರಿ ಸುಮಾರು 3 ಅಡಿ ಇರಬೇಕು. ಸೋಫಾಕ್ಕೂ ಮುಂದಿನ ಮೇಜಿಗೂ 18 ಅಂಗುಲ ಅಂತರ ಸಾಕು. ಗೋಡೆಯ ಚಿತ್ರದ ನಡುಭಾಗ ನೆಲದಿಂದ 57 ರಿಂದ 60 ಅಂಗುಲ ಎತ್ತರದಲ್ಲಿದ್ದರೆ ಲೇಸು. ಆದರೆ ನಿಜವಾದ ಕೋಣೆಯಲ್ಲಿ ಕಿಟಕಿ ಒಂದು ಮೂಲೆಗೆ ಸರಿದಿರುತ್ತದೆ, ಬಾಗಿಲು ಒಳಮುಖವಾಗಿ ತೆರೆಯುತ್ತದೆ, ಸೋಫಾ ಕೋಣೆಗಿಂತ ದೊಡ್ಡದಾಗಿರುತ್ತದೆ. ಆಗ ಯಾವ ನಿಯಮವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ನಾಲ್ಕಾರು ಮನೆಗಳಲ್ಲಿ ಮೈಬಗ್ಗಿಸಿ ದುಡಿದಾಗಲೇ ಬರುವಂಥದು.

ಒಳ್ಳೆಯ ಗುರು ವಿದ್ಯಾರ್ಥಿನಿಯನ್ನು ಮೊದಲು ಹೊಸ್ತಿಲಲ್ಲಿ ನಿಲ್ಲಿಸುತ್ತಾನೆ. ಕೊಳ್ಳಬರುವವನು ಮೊದಲು ಕಾಣುವುದು ಅಲ್ಲಿಂದಲೇ ಅಲ್ಲವೇ? ಅಲ್ಲಿಂದ ಛಾಯಾಚಿತ್ರ ತೆಗೆಯಿಸುತ್ತಾನೆ. ಕಣ್ಣು ರೂಢಿಯಿಂದ ಮರೆಮಾಚುವ ಅಡಚಣೆಯನ್ನು ಕ್ಯಾಮೆರಾ ತೋರಿಸಿಕೊಡುತ್ತದೆ. ಅನಂತರ ಪಟ್ಟಿ ಬರೆಯುವುದು, ಹೆಚ್ಚಿನ ಸಾಮಾನುಗಳನ್ನು ತೆಗೆದಿಡುವುದು, ಒರೆಸುವುದು, ದುರಸ್ತಿ, ದೀಪ, ಕಟ್ಟಕಡೆಗೆ ಅಲಂಕಾರ. ಭಾರದ ಕಪಾಟನ್ನು ನೆಲ ಗೀಚದಂತೆ ಇಬ್ಬರು ಸೇರಿ ಸರಿಸುವುದೂ ಪಾಠವೇ. ಯಾವ ವಸ್ತು ಯಾವ ಪೆಟ್ಟಿಗೆ ಸೇರಿತೆಂಬ ಲೆಕ್ಕವನ್ನು ಮನೆಯೊಡತಿಯ ಮುಂದೆಯೇ ಬರೆದಿಡತಕ್ಕದ್ದು.

ಇಷ್ಟರಿಂದಲೇ ವಿದ್ಯೆ ಪೂರ್ಣವಾಗದು. ಪತಿಯನ್ನು ಕಳೆದುಕೊಂಡ ವೃದ್ಧೆಯೊಬ್ಬರು ಮೂವತ್ತು ವರ್ಷ ಬಾಳಿದ ಮನೆಯನ್ನು ಮಾರುತ್ತಿದ್ದಾರೆ ಎಂದುಕೊಳ್ಳೋಣ. ಕೊಳ್ಳುವವರು ತಮ್ಮ ಸಂಸಾರವನ್ನು ಅಲ್ಲಿ ಊಹಿಸಿಕೊಳ್ಳಲು ಅನುಕೂಲವಾಗಲೆಂದು ಮನೆಯವರ ಭಾವಚಿತ್ರಗಳನ್ನು ತೆಗೆಯುವುದು ಈ ವೃತ್ತಿಯ ಪದ್ಧತಿ. ಗೋಡೆಯ ಮೇಲೆ ಯಜಮಾನರ ಭಾವಚಿತ್ರವಿದೆ. ಅದನ್ನು ಸರಸರನೆ ಇಳಿಸಿ ಪೆಟ್ಟಿಗೆಗೆ ಹಾಕಿದರೆ ಕೆಲಸವೇನೋ ಬೇಗ ಮುಗಿದೀತು. ಆದರೆ ಆ ತಾಯಿಯ ಕರುಳಿಗೆ ಏನಾದೀತು? “ಅಮ್ಮಾ, ಇದನ್ನು ತಾವೇ ಇಳಿಸಿಕೊಡುವಿರಾ? ತಮ್ಮೊಡನೆಯೇ ಇಟ್ಟುಕೊಳ್ಳಿ” ಎಂದು ಕೇಳುವ ಮೃದುತ್ವವನ್ನು ಯಾವ ಪುಸ್ತಕ ಕಲಿಸೀತು? ನಮ್ಮವರ ಮನೆಯಾದರೆ ಪೂಜೆಯ ಜಗಲಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಅದನ್ನು ಮುಟ್ಟುವ ಅಧಿಕಾರ ಮನೆಯವರದು, ಕಲಿಯಬಂದವರದಲ್ಲ.

ಇನ್ನು ಸತ್ಯದ ಮಾತು. ಮನೆಯನ್ನು ಚೆಂದಗಾಣಿಸುವುದು ಬೇರೆ, ಅದರ ದೋಷವನ್ನು ಮುಚ್ಚುವುದು ಬೇರೆ. ನೀರು ಸೋರಿ ಕಲೆಯಾದ ಗೋಡೆಗೆ ಕಪಾಟನ್ನು ಅಡ್ಡವಿಟ್ಟರೆ ಅದು ಸಜ್ಜಿಕೆಯಲ್ಲ, ವಂಚನೆ. ಅಮೆರಿಕದಲ್ಲಿ 1978ಕ್ಕಿಂತ ಮೊದಲು ಕಟ್ಟಿದ ಮನೆಗಳ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿಕರ. ತಮಗೆ ತಿಳಿದ ಸೀಸದ ಸಂಗತಿಯನ್ನು ಮಾರುವವರು ಕೊಳ್ಳುವವರಿಗೆ ಅರುಹಬೇಕೆಂದು 1992ರ ಕಾಯಿದೆ ವಿಧಿಸಿದೆ. ಹಣ ಪಡೆದು ಅಂಥ ಬಣ್ಣವನ್ನು ಹೆಚ್ಚಿನ ಪ್ರಮಾಣದಲ್ಲಿ ಕೆರೆಯುವ ಕೆಲಸಕ್ಕೆ 2010ರಿಂದ ತರಬೇತಿ ಪಡೆದ ಪ್ರಮಾಣಿತ ಕೆಲಸಗಾರರೇ ಬೇಕು. ಆದುದರಿಂದ ಹಳೆಯ ಮನೆಯಲ್ಲಿ ಗುರುವೇ ಉಜ್ಜುಕಾಗದ ಕೈಗಿತ್ತರೂ ವಿದ್ಯಾರ್ಥಿನಿ ಮೊದಲು ಪ್ರಶ್ನಿಸಬೇಕು. ಬರಿದಾದ ಕೋಣೆಯ ಛಾಯಾಚಿತ್ರದಲ್ಲಿ ಗಣಕಯಂತ್ರದಿಂದ ಪೀಠೋಪಕರಣ ಮೂಡಿಸುವ ಪದ್ಧತಿಯೂ ಈಗ ಬಂದಿದೆ. ಅದು ಕೃತಕವೆಂದು ಚಿತ್ರದ ಕೆಳಗೆ ತಿಳಿಸುವುದೇ ಧರ್ಮ.

ಆದಕಾರಣ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ನಿಜವಾದ ಮನೆಯಲ್ಲಿ ಎಷ್ಟು ದಿನ ಕೆಲಸ ಮಾಡಿಸುವಿರಿ? ಒಬ್ಬ ಗುರುವಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು? ವಸ್ತು ಒಡೆದರೆ, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು? ಮನೆಯವರ ಲಿಖಿತ ಒಪ್ಪಿಗೆ ಪಡೆದು, ಕೆಲಸಕ್ಕೆ ಮುಂಚಿನ ಹಾಗೂ ಅನಂತರದ ಚಿತ್ರಗಳನ್ನು ನಮಗೆ ಕೊಡುವಿರಾ? ಉತ್ತರ ತಡವರಿಸಿದರೆ ಹಣ ನಿಮ್ಮ ಸೆರಗಿನ ಗಂಟಿನಲ್ಲಿಯೇ ಇರಲಿ.

ಹಾಗಾದರೆ ಕಲಿಕೆಯ ಪ್ರಾರಂಭ ಎಲ್ಲಿಂದ? ಸಹೋದರಿಯರೇ, ನಾಳೆ ಮುಂಜಾನೆ ನಿಮ್ಮ ಮನೆಯ ಹೊಸ್ತಿಲಲ್ಲಿಯೇ ಪರಕೀಯರಂತೆ ಒಂದು ಕ್ಷಣ ನಿಂತು ನೋಡಿರಿ. ಮೊದಲು ಕಣ್ಣಿಗೆ ಬಿದ್ದ ಅಡಚಣೆಯನ್ನು ನಿಮ್ಮ ಕೈಯಿಂದಲೇ ತೆಗೆಯಿರಿ. ಮೊದಲನೆಯ ಪಾಠಕ್ಕೆ ಶುಲ್ಕವಿಲ್ಲ.